ಹೊಗೆಯ ಮಗ್ಗಿ

ಪುಚೊಂಗ್ ಸ್ಟೇಷನ್ನಿನಲ್ಲಿ ರೈಲಿನ ಬಾಗಿಲು ತೆರೆದದ್ದೇ ತಡ, ಸುಟ್ಟ ವಾಸನೆ ಒಳಗೆ ನುಗ್ಗಿತು. ಅಡುಗೆಯದ್ದಲ್ಲ, ಕಸದ್ದಲ್ಲ. ಒದ್ದೆ ಮಣ್ಣು ಒಳಗೊಳಗೇ ಉರಿಯುವಾಗ ಬರುವ, ನಾಲಿಗೆಯ ಹಿಂಬದಿಗೆ ಕಹಿ ಅಂಟಿಸುವ ವಾಸನೆ. ಪಕ್ಕದಲ್ಲಿದ್ದ ಕಾಲೇಜು ಹುಡುಗಿಯರು ಮೂಗು ಮುಚ್ಚಿಕೊಂಡು ಫೋನಿನಲ್ಲಿ ಗಾಳಿ ಎಷ್ಟು ಕೆಟ್ಟಿದೆಯೆಂಬ ಅಂಕಿ ನೋಡತೊಡಗಿದರು. ನಾನು ಪ್ಲಾಟ್‌ಫಾರಮ್ಮಿನಲ್ಲಿ ನಿಂತು ಒಂದು ಉಸಿರನ್ನು ಪೂರ್ತಿ ಎಳೆದುಕೊಂಡೆ. ಎದೆರೋಗದ ಡಾಕ್ಟರರ ಮಗಳು ಮಾಡಬಾರದ ಕೆಲಸ. ಆದರೆ ಆ ವಾಸನೆಯಲ್ಲಿ ನನಗೆ ಇನ್ನೂ ಹತ್ತೊಂಬತ್ತು ವರ್ಷ.

ಅದು ತೊಂಬತ್ತೇಳನೇ ಇಸವಿ. ಪುಚೊಂಗಿಗೆ ಆಗ ರೈಲು ಬಂದಿರಲಿಲ್ಲ. ಹಳೆಯ ತವರದ ಗಣಿಯ ಹೊಂಡಗಳು, ಅವುಗಳ ಪಕ್ಕದಲ್ಲೇ ಎದ್ದು ನಿಲ್ಲುತ್ತಿದ್ದ ಸಾಲುಮನೆಗಳು, ಲಾರಿಗಳ ಕೆಂಪು ಧೂಳು, ಇಷ್ಟೇ. ಆ ಸಾಲುಮನೆಗಳಲ್ಲೊಂದು ನನ್ನ ಚಿಕ್ಕಮ್ಮನದು. ಅಪ್ಪ ಉಡುಪಿ ಬಿಟ್ಟು ಮಲೇಷ್ಯಾಕ್ಕೆ ಬಂದು ಹತ್ತು ವರ್ಷದ ಮೇಲಾಗಿತ್ತು. ಮೆಲಾಕಾ ಕಡೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಅವರು ಎದೆರೋಗದ ಡಾಕ್ಟರ್. ಅಮ್ಮನೂ ಅಲ್ಲೇ. ನಾನು ಪೆಟಾಲಿಂಗ್ ಜಯಾದ ಕಾಲೇಜಿಗೆ ಸೇರಿದ್ದರಿಂದ ಚಿಕ್ಕಮ್ಮನ ಮನೆಯಲ್ಲಿದ್ದೆ. ದಿನವೂ ಮಿನಿ ಬಸ್ಸಿನಲ್ಲಿ ಜೋತು ಬಿದ್ದು ಅಕೌಂಟೆನ್ಸಿ ಕಲಿಯಲು ಹೋಗುತ್ತಿದ್ದೆ. ಹಾಗೆಂದು ಮನೆಯವರು ತಿಳಿದಿದ್ದರು. ಅರ್ಧ ನಿಜವೂ ಆಗಿತ್ತು. ಉಳಿದರ್ಧ ಹೊತ್ತು ನಾನು ಸೆಲ್ವಿಯ ಅಂಗಡಿಯಲ್ಲಿರುತ್ತಿದ್ದೆ.

ಸೆಲ್ವಿ ನನಗಿಂತ ಎರಡು ವರ್ಷ ದೊಡ್ಡವಳು. ಚಿಕ್ಕಮ್ಮನ ಬೀದಿಯ ಕೊನೆಯಲ್ಲಿ ಅವಳ ಅಪ್ಪನ ಕ್ಯಾಸೆಟ್ ಅಂಗಡಿಯಿತ್ತು. ಮುಂದೆ ತಮಿಳು ಸಿನಿಮಾ ಕ್ಯಾಸೆಟ್ಟುಗಳು, ಭಕ್ತಿಗೀತೆಗಳು. ಹಿಂದಿನ ಕೋಣೆಯಲ್ಲಿ ಅವಳ ರಾಜ್ಯ: ಎರಡು ರೆಕಾರ್ಡ್ ಪ್ಲೇಯರ್, ಬೀರುವಿನಷ್ಟು ದೊಡ್ಡ ಸ್ಪೀಕರುಗಳು, ಹಡಗಿನಲ್ಲಿ ಅಡುಗೆ ಮಾಡುತ್ತಿದ್ದ ಅವಳ ಮಾವ ದೇಶ ದೇಶದಿಂದ ತಂದುಕೊಟ್ಟ ಪುಟ್ಟ ಕಪ್ಪು ರೆಕಾರ್ಡುಗಳು. ಅವುಗಳಲ್ಲಿ ಹೆಚ್ಚಿನವು ಜಮೈಕಾದ ಡಾನ್ಸ್‌ಹಾಲ್ ಸಂಗೀತ.

ಆ ಸಂಗೀತದ ಪದ್ಧತಿ ನನಗೆ ಮೊದಲ ದಿನವೇ ಹಿಡಿಸಿತು. ರೆಕಾರ್ಡಿನ ಒಂದು ಬದಿಯಲ್ಲಿ ಯಾರೋ ಹಾಡಿರುತ್ತಾರೆ. ಮಗುಚಿ ಹಾಕಿದರೆ ಬರೀ ತಾಳ ಮತ್ತು ಬೇಸ್, ಮಾತಿಲ್ಲ. ಆ ಬದಿ ಎಲ್ಲರದು. ಯಾರು ಬೇಕಾದರೂ ಅದರ ಮೇಲೆ ತಮ್ಮ ಮಾತು ಕಟ್ಟಿ ಹಾಡಬಹುದು, ಅರ್ಧ ಹಾಡು ಅರ್ಧ ಮಾತು, ಉಸಿರು ಬಿಡದೆ. ಸಂಗೀತ ಟೀಚರ್ ಬೇಕಿಲ್ಲ, ತಂಬೂರಿ ಬೇಕಿಲ್ಲ. ಹೇಳಲು ಏನಾದರೂ ಇರಬೇಕು, ಹೇಳುವ ಧೈರ್ಯ ಇರಬೇಕು.

"ಹಾಡು ಲಾ, ಸುಮ್ನೆ ತಲೆ ಆಡಿಸ್ತಾ ಕೂತ್ರೆ ಏನು ಬಂತು?" ಎಂದು ಸೆಲ್ವಿ ಒಂದು ಮಧ್ಯಾಹ್ನ ಮೈಕನ್ನು ಕೈಗೆ ತುರುಕಿದಳು. ನಾವಿಬ್ಬರೂ ಮಾತಾಡುತ್ತಿದ್ದದ್ದು ತಮಿಳು, ಇಂಗ್ಲಿಷ್, ಮಲಯ್ ಎಲ್ಲ ಕಲಸಿದ ಒಂದು ಭಾಷೆ. ಇಲ್ಲಿ ಅದನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ.

ನನಗೆ ಯಾವ ಹಾಡೂ ಬರುತ್ತಿರಲಿಲ್ಲ. ಆ ತಾಳಕ್ಕೆ ಬಾಯಿಂದ ತಾನಾಗಿ ಹೊರಟದ್ದು ಅಮ್ಮ ನನ್ನನ್ನು ಕೂರಿಸಿಕೊಂಡು ಬಾಯಿಪಾಠ ಮಾಡಿಸಿದ್ದ ಮಗ್ಗಿ. ಎರಡೊಂದ್ಲ ಎರಡು, ಎರಡೆರಡ್ಲ ನಾಲ್ಕು, ಎರಡ್ಮೂರ್ಲ ಆರು. ಸೆಲ್ವಿಯ ಕೈ ರೆಕಾರ್ಡಿನ ಮೇಲೆ ನಿಂತುಬಿಟ್ಟಿತು. "ಏನು ಡೀ ಇದು? ಪ್ರತಿ ಸಾಲಲ್ಲೂ 'ಲಾ' ಇದೆ! ನಿಮ್ಮ ಭಾಷೆಯಲ್ಲೂ 'ಲಾ' ಇದೆಯಾ?"

ಮಲೇಷ್ಯಾದಲ್ಲಿ ಯಾರು ಏನು ಮಾತಾಡಿದರೂ ಕೊನೆಗೊಂದು 'ಲಾ' ಬರುತ್ತದೆ. ನನ್ನ ಮಗ್ಗಿಯ 'ಲ' ಬೇರೆಯೇ ಎಂದು ವಿವರಿಸಲು ಬಾಯಿ ತೆರೆದವಳು ಸುಮ್ಮನಾದೆ. ಬೇರೆ ಎಂದು ಯಾಕೆ ಹೇಳಬೇಕು? ಆವತ್ತೇ ನಮ್ಮ ಮೊದಲ ಹಾಡು ಹುಟ್ಟಿತು.

ಪೆಟಾಲಿಂಗ್ ಜಯಾದಲ್ಲಿ ಒಂದು ಡಾನ್ಸ್ ಹಾಲ್ ಇತ್ತು. ರಾತ್ರಿ ದೊಡ್ಡವರಿಗೆ, ಭಾನುವಾರ ಮಧ್ಯಾಹ್ನ ಮಾತ್ರ ಕಾಲೇಜಿನವರಿಗೆ. ಬೀರ್ ಇಲ್ಲ, ಐಸ್ ಹಾಕಿದ ಸಿರಪ್ ಇತ್ತು. ಸೆಲ್ವಿ ಅಲ್ಲಿ ರೆಕಾರ್ಡ್ ಹಾಕುತ್ತಿದ್ದಳು. ಕೊನೆಯ ಅರ್ಧ ಗಂಟೆ ಯಾರು ಬೇಕಾದರೂ ಮೈಕ್ ಹಿಡಿಯಬಹುದಿತ್ತು. ಹಿಡಿಯುತ್ತಿದ್ದವರೆಲ್ಲ ಹುಡುಗರು.

ನಾನು ಮೊದಲ ಸಲ ವೇದಿಕೆ ಹತ್ತಿದ್ದು ಚಿಕ್ಕಮ್ಮ ಎಣ್ಣೆ ಹಚ್ಚಿ ಹೆಣೆದ ಜಡೆಯಲ್ಲೇ. ಕಾರ್ಯಕ್ರಮ ನಡೆಸುತ್ತಿದ್ದ ಹುಡುಗ ನನ್ನ ಹೆಸರು ಕೇಳಿದ. ಜ್ಯೋತ್ಸ್ನಾ ಎಂದೆ. "ಜೋ... ಜೋಸ್... ಏನದು?" ಎಂದು ಮೂರು ಸಲ ತೊದಲಿ ಎಲ್ಲರನ್ನೂ ನಗಿಸಿದ. "ಸರಿ, ಮಿಸ್ ಜೋ! ಏನು ಹಾಡ್ತಾರೆ, ದೇವಸ್ಥಾನದ ಹಾಡಾ?"

ನಗು ಇನ್ನೂ ಜೋರಾಯಿತು. ಸೆಲ್ವಿ ತಾಳ ಶುರು ಮಾಡಿದಳು. ನಾನು ಆ ಹುಡುಗನ ಕಣ್ಣನ್ನೇ ನೋಡುತ್ತಾ ನನ್ನ ಹೆಸರನ್ನೇ ಮಗ್ಗಿ ಮಾಡಿ ಹಾಡಿದೆ. ಜ್ಯೋ ಒಂದ್ಲ ಜ್ಯೋತಿ, ಜ್ಯೋ ಎರಡ್ಲ ಬೆಂಕಿ, ಜ್ಯೋ ಮೂರ್ಲ ನಿನ್ನ ನಾಲಿಗೆಗೆ ಗಂಟು. ಮಧ್ಯೆ ಇಂಗ್ಲಿಷು, ಮಧ್ಯೆ ಮಲಯ್. ಎರಡನೇ ಸುತ್ತು ಬರುವಷ್ಟರಲ್ಲಿ ಹಾಲಿನವರೆಲ್ಲ ಒಂದ್ಲಾ, ಎರಡ್ಲಾ ಎನ್ನುತ್ತಿದ್ದರು. ಆಮೇಲೆ ಎಲ್ಲರೂ ಗೋಡೆಗೆ, ಮೇಜಿಗೆ ಗುದ್ದತೊಡಗಿದರು. ಹೊಡೆಯಲು ಬರುತ್ತಾರೆಂದು ನಾನು ಹಿಂದೆ ಸರಿದೆ. ಸೆಲ್ವಿ ನಗುತ್ತಾ ಸೂಜಿ ಎತ್ತಿ ರೆಕಾರ್ಡನ್ನು ಮತ್ತೆ ಮೊದಲಿನಿಂದ ಬಿಟ್ಟಳು. ಆ ಸಂಗೀತದಲ್ಲಿ ಜನಕ್ಕೆ ಹಾಡು ಇಷ್ಟವಾದರೆ ಮುಗಿಯುವವರೆಗೂ ಕಾಯುವುದಿಲ್ಲ. ಗುದ್ದಿ ನಿಲ್ಲಿಸಿ, ಮೊದಲಿನಿಂದ ಹಾಡಿಸುತ್ತಾರೆ.

ಮುಂದಿನ ಭಾನುವಾರ ಆ ಹುಡುಗ ನನ್ನ ಹೆಸರನ್ನು ಅಭ್ಯಾಸ ಮಾಡಿಕೊಂಡು ಬಂದಿದ್ದ. "ಜ್ಯೋತ್ಸ್‌ನಾ" ಎಂದು ತುಂಡು ಮಾಡಿ, ಆದರೆ ಸರಿಯಾಗಿ ಕರೆದ.

ಅದೇ ವರ್ಷ ಹೊಗೆ ಬಂತು. ಸಮುದ್ರದಾಚೆ ಕಾಡು, ತೋಟ ಎಲ್ಲ ಸುಡುತ್ತಿದ್ದಾರಂತೆ ಎಂದು ಮೊದಲು ಅಂಗಡಿಗಳಲ್ಲಿ ಮಾತು ಕೇಳಿಸಿತು. ಒಂದು ವಾರದಲ್ಲಿ ಸೂರ್ಯ ಮಧ್ಯಾಹ್ನವೇ ಕೆಂಪು ಬಿಲ್ಲೆಯಾದ. ಬಸ್ಸುಗಳು ಹಗಲಲ್ಲೇ ದೀಪ ಹಾಕಿಕೊಂಡು ಬರುತ್ತಿದ್ದವು. ಎದುರಿನ ಕಟ್ಟಡ ಒಂದು ದಿನ ಇರುತ್ತಿತ್ತು, ಇನ್ನೊಂದು ದಿನ ಇರುತ್ತಿರಲಿಲ್ಲ. ಚಿಕ್ಕಮ್ಮ ಒಗೆದ ಬಟ್ಟೆಯನ್ನು ಮನೆಯೊಳಗೇ ಹರವಿದರೂ ಮರುದಿನ ಅದು ಒಲೆ ಉರಿಸಿದ ವಾಸನೆ ಹೊಡೆಯುತ್ತಿತ್ತು. ಮಳೆ ಬರಲೇ ಇಲ್ಲ. ದಿನಾ ಸಂಜೆ ಹೊಯ್ಯುವ ಊರಿನಲ್ಲಿ ಆಕಾಶ ಬಾಯಿ ಮುಚ್ಚಿಕೊಂಡು ಕೂತಿತು. ತಮಿಳು ಮುಸ್ಲಿಮರ ಮಾಮಕ್ ಅಂಗಡಿಯಲ್ಲಿ ನೊರೆಯ ಟೆ ತಾರಿಕ್ ಮಾಡುವವನೂ ಮುಖಕ್ಕೆ ಬಟ್ಟೆ ಕಟ್ಟಿಕೊಂಡೇ ಚಹಾ ಎತ್ತಿ ಹೊಯ್ಯುತ್ತಿದ್ದ.

ಭಾನುವಾರದ ಹಾಲ್ ಮಾತ್ರ ಇನ್ನಷ್ಟು ತುಂಬಿತು. ಅಲ್ಲಿ ಏಸಿ ಇತ್ತು. ನಾನು ಆಗ ಅಲ್ಲಿನ ವಾರದ ಹಾಡುಗಾರ್ತಿ. ಗಂಟಲು ಸುಡುತ್ತಿತ್ತು. ಚಿಕ್ಕಮ್ಮನಿಗೆ ನಾನು ಎಲ್ಲಿಗೆ ಹೋಗುತ್ತೇನೆಂದು ಅಷ್ಟರಲ್ಲಿ ಗೊತ್ತಾಗಿತ್ತು. ಬಯ್ಯುತ್ತಾಳೆ ಎಂದುಕೊಂಡಿದ್ದರೆ ಕಾಳುಮೆಣಸಿನ ಕಷಾಯದ ಲೋಟ ತಂದು ಮುಂದಿಟ್ಟಳು. "ನಿಂಗೆ ಹಾಡ್ಬೇಡ ಅಂದ್ರೆ ಕೇಳೂದುಂಟಾ? ಹಾಡ್ಲಿಕ್ಕೆ ಗಂಟಲಾದ್ರೂ ಬೇಕಲ್ಲ ಮಾರಾಯ್ತಿ. ಕುಡಿ."

ಅಪ್ಪ ಮೆಲಾಕಾದಿಂದ ಫೋನ್ ಮಾಡುತ್ತಿದ್ದರು. ಮೊದಲೆಲ್ಲ ಓದಿನ ವಿಚಾರಣೆ ಆಗುತ್ತಿತ್ತು. ಈಗ ಮಾತೇ ಕಡಿಮೆ. ಒಂದು ದಿನ ತಾವಾಗಿಯೇ ಹೇಳಿದರು: "ಇವತ್ತು ಒಂದು ಕೂಸು ಬಂದಿತ್ತು, ಇನ್ನೂ ನಡೀಲಿಕ್ಕೆ ಕಲಿತದ್ದಷ್ಟೇ. ಉಸಿರು ಎಳೀಲಿಕ್ಕೇ ಆಗ್ತಿರ್ಲಿಲ್ಲ. ವಾರ್ಡಲ್ಲಿ ಮಂಚ ಇಲ್ಲ, ಕಾರಿಡಾರಲ್ಲೇ ಇಟ್ಕೊಂಡು ಔಷಧದ ಹಬೆ ಕೊಟ್ಟೆ." ಆಮೇಲೆ ದನಿ ತಗ್ಗಿಸಿ, "ಪೇಪರಿನವರು ಕೇಳಿದ್ರೆ ಎಂತದೂ ಹೇಳ್ಬಾರ್ದು ಅಂತ ನಮ್ಗೆ ಮೇಲಿಂದ ಹೇಳಿದ್ದಾರೆ" ಎಂದರು. "ಜನ ಹೆದರ್ತಾರಂತೆ."

"ಜನ ಆಗ್ಲೇ ಕೆಮ್ತಾ ಇದ್ದಾರಲ್ಲ ಅಪ್ಪ" ಎಂದೆ.

"ಅದೇ" ಎಂದು ಫೋನಿಟ್ಟರು.

ಆ ಕೂಸು ನನ್ನ ತಲೆಯಿಂದ ಹೋಗಲಿಲ್ಲ. ಬಸ್ಸಿನಲ್ಲಿ ನಿಂತಿದ್ದಾಗ, ಸುತ್ತ ಎಲ್ಲರೂ ಬಾಯಿಗೆ ಬಟ್ಟೆ ಕಟ್ಟಿಕೊಂಡು ಒಬ್ಬರಾದ ಮೇಲೊಬ್ಬರು ಕೆಮ್ಮುತ್ತಿದ್ದಾಗ, ಆ ಕೆಮ್ಮಿನ ತಾಳಕ್ಕೆ ಸಾಲುಗಳು ಬಂದವು:

ಹೊಗೆ ಒಂದ್ಲ ಹೊಗೆ,
ಹೊಗೆ ಎರಡ್ಲ ಕೆಮ್ಮು,
ಹೊಗೆ ಮೂರ್ಲ ಮೂಗಿಗೆ ಬಟ್ಟೆ,
ಹೊಗೆ ನಾಕ್ಲ — ಶ್! ಸುಮ್ನಿರು.

ನಡುವಿನ ಚರಣಗಳು ಇಂಗ್ಲಿಷಿನಲ್ಲಿದ್ದವು. ಯಾರು ಹೊತ್ತಿಸಿದರು, ಯಾರು ಕೆಮ್ಮುತ್ತಿದ್ದಾರೆ, ಯಾರು ಕಿಟಕಿ ಮುಚ್ಚಿಕೊಂಡು ತಣ್ಣಗೆ ಕೂತಿದ್ದಾರೆ ಎಂಬ ಪ್ರಶ್ನೆಗಳು. ಭಾನುವಾರ ಹಾಡಿದೆ. 'ಶ್!' ಬರುವ ಜಾಗದಲ್ಲಿ ಸೆಲ್ವಿ ತಾಳ ನಿಲ್ಲಿಸಿದಳು. ಆ ನಿಶ್ಶಬ್ದದಲ್ಲಿ ಯಾರೋ ನಿಜವಾಗಿಯೇ ಕೆಮ್ಮಿದರು. ಒಂದು ಕ್ಷಣ ಯಾರೂ ಅಲ್ಲಾಡಲಿಲ್ಲ. ಆಮೇಲೆ ಗೋಡೆಗಳು ಬೀಳುವಂತೆ ಗುದ್ದಿದರು. ಆ ಹಾಡನ್ನು ಆವತ್ತು ಪೂರ್ತಿ ಮುಗಿಸಲು ನನಗೆ ಬಿಡಲೇ ಇಲ್ಲ.

ಆ ಗುಂಪಿನ ಹಿಂದೆ ಡೆಸ್ಮಂಡ್ ನಿಂತಿದ್ದ. ನಲವತ್ತರ ಆಸುಪಾಸಿನವನು, ಇಸ್ತ್ರಿ ಹಾಕಿದ ಬಿಳಿ ಅಂಗಿ, ಸಣ್ಣ ದನಿ. ಪೆಟಾಲಿಂಗ್ ಜಯಾದಲ್ಲಿ ಅವನದೊಂದು ಸ್ಟುಡಿಯೋ ಇತ್ತು. ಹೊಸಬರ ಕ್ಯಾಸೆಟ್ ಮಾಡಿ ಹೊರತರುತ್ತಿದ್ದ. "ನಿನ್ನ ದನಿ ರೇಡಿಯೋಗೆ ಹುಟ್ಟಿದ್ದು" ಎಂದ. ಹತ್ತೊಂಬತ್ತರ ವಯಸ್ಸಿನಲ್ಲಿ ಅಂಥ ಮಾತು ಕೇಳಿ ನೆಲದ ಮೇಲೆ ಕಾಲು ನಿಲ್ಲುತ್ತದೆಯೇ?

ಅವನ ಸ್ಟುಡಿಯೋದಲ್ಲಿ ಹಾಡಿದೆ. ಮೊದಲು ನನ್ನ ಹಾಡು, ನನ್ನ ಹಾಗೇ. ಆಮೇಲೆ ಡೆಸ್ಮಂಡ್ ಗಾಜಿನಾಚೆಯಿಂದ ಹೇಳಿದ: "ಈಗ ಒಂದು ಸಲ ಸುಮ್ಮನೆ ಪ್ರಯೋಗಕ್ಕೆ. ಸ್ಮೋಕ್ ಅನ್ನೋ ಕಡೆಯೆಲ್ಲ ಡ್ರೀಮ್ ಅನ್ನು. ನಿನ್ನ ಭಾಷೆಯ ಆ ಲೆಕ್ಕ ಬಿಡು." ಹೇಗೆ ಕೇಳಿಸುತ್ತದೋ ನೋಡೋಣವೆಂದು ಹಾಡಿದೆ. ಹೊರಗೆ ಬಂದು, "ಇದು ಚೆನ್ನಾಗಿಲ್ಲ. ಯಾರು ಕನಸು ಕಂಡರು, ಯಾರು ಕನಸು ಕೆಮ್ಮಿದರು ಅಂದ್ರೆ ಏನರ್ಥ?" ಎಂದೆ.

"ಅರ್ಥ ಯಾರಿಗೆ ಬೇಕು? ಹೊಗೆ ಅಂದ್ರೆ ಯಾವ ರೇಡಿಯೋದವರೂ ಮುಟ್ಟೋದಿಲ್ಲ." ಅವನು ಮೆತ್ತಗೆ ಮುಂದುವರಿಸಿದ. "ಇನ್ನೊಂದು ಮಾತು. ಬೇಜಾರು ಮಾಡ್ಕೋಬೇಡ. ದನಿ ನಿನ್ನದೇ ಇರಲಿ. ಪೋಸ್ಟರಿಗೆ, ಸ್ಟೇಜಿಗೆ ಬೇರೆ ಹುಡುಗಿ ಇರ್ತಾಳೆ. ಬೆಳ್ಳಗಿದ್ದಾಳೆ, ಕುಣೀತಾಳೆ. ನಿನ್ನನ್ನ ಯಾವ ಜನ ಅಂತ ಮಾರ್ಲಿ ನಾನು? ತಮಿಳಿನವಳೂ ಅಲ್ಲ, ಮಲಯ್ ಕೂಡ ಅಲ್ಲ. ಎಲ್ಲಿಯವಳು ಅಂತ ಹೇಳೋದೇ ಕಷ್ಟ."

ಆ ಕೋಣೆಯ ಗೋಡೆಗೆ ದಪ್ಪ ಸ್ಪಂಜು ಹೊಡೆದಿದ್ದರು, ಮಾತು ಹೊರಗೆ ಹೋಗದಂತೆ. ನನ್ನ ಮಾತು ಆಚೆ ರಸ್ತೆಗೂ ಕೇಳಿಸಿರಬೇಕು ಎಂದು ನನಗೆ ಈಗಲೂ ಅನ್ನಿಸುತ್ತದೆ. "ನಾನು ಮೆಲಾಕಾದಲ್ಲಿ ಬೆಳೆದವಳು, ಪುಚೊಂಗಿನಲ್ಲಿ ಇರುವವಳು, ಕನ್ನಡದವಳು. ಮೂರೂ ಒಟ್ಟಿಗೆ. ಕಷ್ಟವಾದ್ರೆ ಮಾರ್ಬೇಡಿ" ಎಂದು ಚೀಲ ಎತ್ತಿಕೊಂಡು ಹೊರಟೆ. ರಸ್ತೆಗೆ ಬಂದ ಮೇಲೆ ಅಳು ಬಂತು. ಹೊಗೆಗೆ ಎಲ್ಲರ ಕಣ್ಣಲ್ಲೂ ನೀರಿದ್ದ ಕಾಲ. ಯಾರೂ ತಿರುಗಿ ನೋಡಲಿಲ್ಲ.

ಅದಾಗಿ ವಾರದೊಳಗೆ ಅಪ್ಪ ಮೆಲಾಕಾದಿಂದ ಕಾರು ಓಡಿಸಿಕೊಂಡು ಬಂದರು. ಶನಿವಾರ ಬೆಳಿಗ್ಗೆ. ದಾರಿ ಕಾಣದೆ ಎರಡರಷ್ಟು ಹೊತ್ತು ಹಿಡಿದಿತ್ತು. ಒಳಗೆ ಬಂದು ಕೂತವರು ಚಿಕ್ಕಮ್ಮ ಕೊಟ್ಟ ಕಾಫಿ ಮುಟ್ಟಲಿಲ್ಲ.

"ನಮ್ಮ ವಾರ್ಡಿನ ಒಬ್ಳು ತಮಿಳು ನರ್ಸ್" ಎಂದು ಶುರು ಮಾಡಿದರು. "ಇಂಜೆಕ್ಷನ್ ಕೊಡ್ತಾ ಕನ್ನಡ ಮಗ್ಗಿ ಹೇಳ್ತಿದ್ದಾಳೆ. ಮೆಲಾಕಾದಲ್ಲಿ! ಎಲ್ಲಿ ಕಲಿತೆ ಅಂತ ಕೇಳಿದೆ. ತಮ್ಮನ ಹತ್ರ ಕ್ಯಾಸೆಟ್ ಉಂಟಂತೆ, ಡಾನ್ಸ್ ಹಾಲಲ್ಲಿ ಯಾರೋ ರೆಕಾರ್ಡ್ ಮಾಡಿದ್ದು. ಹಾಕಿ ಕೇಳಿದೆ." ನನ್ನ ಕಡೆ ನೋಡಿದರು. "ಮಗಳ ಸ್ವರ ಅಪ್ಪನಿಗೆ ಗೊತ್ತಾಗೂದಿಲ್ವಾ?"

ನಾನು ಕಾಫಿ ಲೋಟವನ್ನು ಅವರ ಹತ್ತಿರಕ್ಕೆ ಸರಿಸಿದೆ.

"ಹಾಡೂದು ಬೇಡ ಅಂತಲ್ಲ. ಈ ಹಾಡು ಬೇಡ. ಮಾರ್ಚಿಗೆ ನನ್ನ ಕಾಂಟ್ರಾಕ್ಟ್ ಮುಗೀತದೆ. ಅದು ಹೋದ್ರೆ ವೀಸಾ ಹೋಗ್ತದೆ, ನಿನ್ನ ಕಾಲೇಜೂ ಹೋಗ್ತದೆ. ಈ ಹೊಗೆ ವಿಷಯ ಮಾತಾಡ್ಬಾರ್ದು ಅಂತ ಹೇಳಿದ್ದಾರೆ ಅಂದೆನಲ್ಲ."

"ನಿಮ್ಗೆ ಹೇಳಿದ್ದು ಅಪ್ಪ. ನನ್ಗೆ ಯಾರೂ ಹೇಳಿಲ್ಲ."

"ನಾನು ಹೇಳ್ತಾ ಇದ್ದೇನಲ್ಲ!"

"ಡಾಕ್ಟರಾಗಿ ಹೇಳ್ತಿದ್ದೀರಾ, ಹೆದರಿ ಹೇಳ್ತಿದ್ದೀರಾ?"

ಚಿಕ್ಕಮ್ಮ "ಜ್ಯೋತ್ಸ್ನಾ!" ಎಂದು ಗದರಿದಳು. ಅಪ್ಪ ಕೈ ಎತ್ತಿ ಅವಳನ್ನು ತಡೆದರು. ಅವರ ಕಣ್ಣಿನ ಕೆಳಗೆ ನಿದ್ದೆಯಿಲ್ಲದ ಕಪ್ಪು ಇತ್ತು. "ಹೆದರಿಯೇ ಹೇಳೂದು" ಎಂದರು. "ಹೆದರ್ಬಾರ್ದು ಅಂತ ಉಂಟಾ? ಎರಡು ಸೂಟ್‌ಕೇಸ್ ಹಿಡ್ಕೊಂಡು ಬಂದವ ನಾನು."

ಅವರು ಸಿಟ್ಟು ಮಾಡಿದ್ದರೆ ಸುಲಭವಿತ್ತು. ನಾನು ನೆಲ ನೋಡುತ್ತಾ ಹೇಳಿದೆ, "ಆ ಕೂಸಿನ ವಿಷಯ ನೀವೇ ಹೇಳಿದ್ದು. ನಿಮ್ಗೆ ಹೊರಗೆ ಹೇಳ್ಲಿಕ್ಕೆ ಆಗೂದಿಲ್ಲ ಅಂತ ನನ್ಗೆ ಹೇಳಿದ್ದು. ನನ್ಗೆ ಆಗ್ತದೆ. ನಾನು ಹಾಡ್ತೇನೆ ಅಪ್ಪ."

ಅವರು ಎದ್ದು ಕಾರಿನ ಬೀಗದಕೈ ತೆಗೆದುಕೊಂಡರು. ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಾ ಕೆಮ್ಮಿದರು, ಸೆಲ್ವಿಯ ಅಂಗಡಿಗೆ ಬರುವ ಎಲ್ಲರೂ ಕೆಮ್ಮುವ ಹಾಗೆಯೇ. ಹೋದರು. ಆಮೇಲೆ ಮೂರು ವಾರ ಫೋನ್ ಬರಲಿಲ್ಲ.

ಆ ಮೂರು ವಾರದಲ್ಲೇ ಸೆಲ್ವಿ ಸುದ್ದಿ ತಂದಳು. ಡೆಸ್ಮಂಡ್ ಅವಳನ್ನು ಕರೆಸಿದ್ದ, ಹಾಲಿನಲ್ಲಿ ಎಲ್ಲರಿಗೂ ರೆಕಾರ್ಡ್ ಹಾಕುವವಳೆಂದಷ್ಟೇ ಅವನಿಗೆ ಗೊತ್ತಿದ್ದದ್ದು. ಪೆಟಾಲಿಂಗ್ ಜಯಾದ ಒಂದು ದೊಡ್ಡ ಶಾಪಿಂಗ್ ಸೆಂಟರಿನಲ್ಲಿ ಭಾನುವಾರ ಮಧ್ಯಾಹ್ನ ಹೊಸ ಹಾಡಿನ ಬಿಡುಗಡೆ, ಹುಡುಗಿಯ ಹೆಸರು ಮಿಶೆಲ್, ಸೆಲ್ವಿ ರೆಕಾರ್ಡ್ ಹಾಕಬೇಕು. ಮೊದಲೇ ಕೇಳಿಸಿಕೊಳ್ಳಲಿ ಎಂದು ಅವನು ಆ ರೆಕಾರ್ಡನ್ನೂ ಕೊಟ್ಟಿದ್ದ. ಹಿಂದಿನ ಕೋಣೆಯಲ್ಲಿ ಸೆಲ್ವಿ ಅದನ್ನು ಹಾಕಿದಳು. ಡ್ರೀಮ್, ಡ್ರೀಮ್ ಎಂದು ನಾನು ಹಾಡುತ್ತಿದ್ದೆ. ಪ್ರಯೋಗಕ್ಕೆಂದು ಹಾಡಿದ್ದು. ಹೊದಿಕೆಯ ಮೇಲೆ ಬೇರೆಯವಳ ನಗು.

ನನ್ನ ದನಿ ಬೇರೆ ಮುಖದೊಳಗಿಂದ ಬರುವುದನ್ನು ಐದು ನಿಮಿಷ ಕೇಳುತ್ತಾ ಕೂತೆ. ಸೆಲ್ವಿ ರೆಕಾರ್ಡನ್ನು ಮೆಲ್ಲಗೆ ಮಗುಚಿದಳು. ಹಿಂಬದಿಯಲ್ಲಿ, ಪದ್ಧತಿಯಂತೆ, ಬರೀ ತಾಳ.

"ನಾನು ಈ ಬದಿ ಹಾಕ್ತೀನಿ" ಎಂದಳು. "ನೀನು ಮುಂದೆ ನಿಂತಿರು."

"ಆಮೇಲೆ ನಿನ್ನನ್ನ ಯಾರೂ ಕೆಲಸಕ್ಕೆ ಕರೆಯೋದಿಲ್ಲ."

"ಕರೀದಿದ್ರೆ ಅಪ್ಪನ ಭಕ್ತಿಗೀತೆ ಮಾರ್ತೀನಿ ಲಾ."

ಆದರೆ ಆ ಹುಡುಗಿ? ತುಂಬಿದ ಜನರ ಮುಂದೆ ಬಾಯಿ ತೆರೆದು ದನಿಯಿಲ್ಲದೆ ನಿಲ್ಲುವ ಅವಳ ಮುಖ ನನ್ನ ಕಣ್ಣಿಗೆ ಬಂತು. ನನ್ನನ್ನು ನೋಡಿ ಹಾಲ್ ತುಂಬ ನಕ್ಕಾಗ ಹೇಗಾಗಿತ್ತೆಂದು ನನಗೆ ಗೊತ್ತಿತ್ತು. ಹಾಗಾಗಿ ಆ ಭಾನುವಾರ ನಾನು ಮೊದಲು ಹೋದದ್ದು ವೇದಿಕೆಯ ಹಿಂದಿನ ಕಾರಿಡಾರಿಗೆ. ಮಿಶೆಲ್ ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಹೊಳೆಯುವ ಬೂಟಿನ ದಾರ ಕಟ್ಟುತ್ತಿದ್ದಳು. ನನ್ನದೇ ವಯಸ್ಸು.

"ಆ ಹಾಡು ಹಾಡಿದವಳು ನಾನು" ಎಂದೆ.

ಅವಳು ದಾರ ಬಿಟ್ಟು ನನ್ನನ್ನು ನೋಡಿದಳು. "ನೀನು ಇಂಡಿಯಾಕ್ಕೆ ವಾಪಸ್ ಹೋಗಿದ್ದೀಯ ಅಂದ್ರು. ನೀನೇ ಹಾಡನ್ನ ಬಿಟ್ಟುಕೊಟ್ಟು ಹೋದೆ ಅಂದ್ರು."

"ನಾನು ಪುಚೊಂಗ್‌ನಿಂದ ಬಸ್ಸಲ್ಲಿ ಬಂದೆ."

ಅವಳಿಗೆ ನಗು ಬಂತು. ಆಮೇಲೆ ಮುಖ ಬಿಗಿಯಾಯಿತು. ಕ್ಲಾಂಗ್‌ನ ಒಂದು ಡಾನ್ಸ್ ಸ್ಕೂಲಿನಿಂದ ಅವಳನ್ನು ಆರಿಸಿದ್ದರಂತೆ. ಕುಣಿಯಲು ಎಂದು ಕರೆದು ಬಾಯಿ ಆಡಿಸಲು ಹೇಳಿದ್ದರಂತೆ. "ನನಗೆ ಹಾಡೋಕೇ ಬರಲ್ಲ. ವಾರದಿಂದ ಕನ್ನಡಿ ಮುಂದೆ ನಿಂತು ನಿನ್ನ ಬಾಯಿ ಕಲೀತಾ ಇದ್ದೀನಿ. ಸಾಕಾಯ್ತು." ಸೆಲ್ವಿ ಮಾಡಲಿರುವುದನ್ನು ನಾನು ಹೇಳಿದೆ. ಬೇಡವೆಂದರೆ ನಿಲ್ಲಿಸುತ್ತೇವೆ ಎಂದೂ ಹೇಳಿದೆ. ಮಿಶೆಲ್ ಸ್ವಲ್ಪ ಯೋಚಿಸಿ ಇನ್ನೊಂದು ಬೂಟಿನ ದಾರ ಬಿಗಿದಳು. "ಹಾಕಲಿ. ನೀನು ಹಾಡು, ನಾನು ಕುಣೀತೀನಿ. ನನಗೆ ಬರೋದು ಅದೇ."

ಹೊರಗಿನ ಹೊಗೆಗೆ ಹೆದರಿ ಊರೆಲ್ಲ ಆ ಏಸಿ ಕಟ್ಟಡದೊಳಗೆ ಸೇರಿದ್ದ ದಿನಗಳವು. ಕೆಳಗಿನ ಅಂಗಳ ತುಂಬಿ, ಮೇಲಿನ ಮಹಡಿಗಳ ಕಟಕಟೆಗೂ ಜನ ಒರಗಿದ್ದರು. ನಮ್ಮ ಭಾನುವಾರದ ಹಾಲಿನವರೂ ಬಹಳ ಜನ ಇದ್ದರು. ಡೆಸ್ಮಂಡ್ ವೇದಿಕೆಯ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ. ಮಿಶೆಲ್ ಬಂದಳು, ಕೈ ಎತ್ತಿದಳು. ತಾಳ ಶುರುವಾಯಿತು. ಮಾತು ಬರಬೇಕಾದ ಜಾಗ ಬಂತು, ಮಾತು ಬರಲಿಲ್ಲ. ಡೆಸ್ಮಂಡ್ ಸೆಲ್ವಿಯ ಕಡೆ ಕೈ ಬೀಸಿದ. ಸೆಲ್ವಿ ರೆಕಾರ್ಡುಗಳ ಮೇಲೆ ಬಗ್ಗಿ ಏನೂ ಕಾಣದವಳಂತಿದ್ದಳು. ಮಿಶೆಲ್ ಮೈಕನ್ನು ಬಾಯಿಂದ ತೆಗೆದು, ಎಲ್ಲರಿಗೂ ಕಾಣುವ ಹಾಗೆ ಕೆಳಗೆ ನನ್ನ ಕಡೆ ಚಾಚಿದಳು.

ನಾನು ಮೆಟ್ಟಿಲು ಹತ್ತಿದ್ದು ನೆನಪಿಲ್ಲ. ಹಾಡಿದ್ದು ನೆನಪಿದೆ. ಹೊಗೆ ಒಂದ್ಲ ಹೊಗೆ. ಹಾಲಿನವರು ಗುರುತು ಹಿಡಿದು ಕೂಗಿದರು. ಎರಡ್ಲ ಎಂಬಷ್ಟರಲ್ಲಿ ಮೇಲಿನ ಮಹಡಿಯವರು ಬಗ್ಗಿ ನೋಡಿದರು. ಮಿಶೆಲ್ ಪಕ್ಕದಲ್ಲಿ ಕುಣಿಯುತ್ತಿದ್ದಳು, ಕನ್ನಡಿ ಮುಂದೆ ಕಲಿತದ್ದಲ್ಲ, ಅವಳದೇ ಕುಣಿತ. ಎರಡನೇ ಸುತ್ತಿನಲ್ಲಿ ನಾಕ್ಲ ಎಂದಾಗ ಸೆಲ್ವಿ ತಾಳ ಕತ್ತರಿಸಿದಳು. ಆ ಇಡೀ ಕಟ್ಟಡ, ತರಕಾರಿ ಚೀಲ ಹಿಡಿದ ಹೆಂಗಸರು, ಮುಖಕ್ಕೆ ಬಟ್ಟೆ ಕಟ್ಟಿದ ಮಕ್ಕಳು, ಎಲ್ಲರೂ ಒಟ್ಟಿಗೆ ತುಟಿಯ ಮೇಲೆ ಬೆರಳಿಟ್ಟು 'ಶ್!' ಎಂದರು. ಅಷ್ಟು ಜನ ಸೇರಿ ಸುಮ್ಮನಿರು ಎನ್ನುವುದು ಅಷ್ಟು ದೊಡ್ಡ ಗದ್ದಲ ಎಂದು ನನಗೆ ಗೊತ್ತಿರಲಿಲ್ಲ. ಕಟಕಟೆಗಳನ್ನು ಗುದ್ದತೊಡಗಿದರು. ಡೆಸ್ಮಂಡ್ ಬಂದು ಪ್ಲಗ್ ಕೀಳುವವರೆಗೆ ನಾಲ್ಕು ಸಲ ಮೊದಲಿನಿಂದ ಹಾಡಿದೆ. ಪ್ಲಗ್ ಕಿತ್ತ ಮೇಲೂ ಜನ ನಿಲ್ಲಿಸಲಿಲ್ಲ.

ಮರುದಿನ ಅವನು ಸೆಲ್ವಿಯ ಅಂಗಡಿಗೆ ಬಂದ. ಸಿಟ್ಟು ಮಾಡುತ್ತಾನೆಂದು ನಾವು ತಯಾರಾಗಿದ್ದರೆ, ಅವನು ಅದೇ ಸಣ್ಣ ದನಿಯಲ್ಲಿ ಮಾತಾಡಿದ. ಆಯ್ತು, ಮುಖವೂ ನನ್ನದೇ ಇರಲಿ. ಹೆಸರೂ ನನ್ನದೇ. ಪೂರ್ತಿ ಕ್ಯಾಸೆಟ್ ಮಾಡೋಣ. ಒಂದೇ ಒಂದು ಪದ ಮಾತ್ರ ಬದಲಾಯಿಸು.

ಅದು ಸಣ್ಣ ಆಸೆಯಲ್ಲ. ನನ್ನ ಮುಖ, ನನ್ನ ಹೆಸರು, ರೇಡಿಯೋ. ಸೆಲ್ವಿ ನನ್ನ ಕಡೆ ನೋಡದೆ ಕ್ಯಾಸೆಟ್ಟುಗಳ ಧೂಳು ಒರೆಸುತ್ತಿದ್ದಳು.

"ಬಾಗಿಲ ಹೊರಗೆ ಹೋಗಿ ಒಂದು ಉಸಿರು ತಗೊಳ್ಳಿ ಮಿಸ್ಟರ್ ಡೆಸ್ಮಂಡ್" ಎಂದೆ. "ಅದು ಕನಸು ಅನ್ನಿಸಿದ್ರೆ ವಾಪಸ್ ಬನ್ನಿ, ಬದಲಾಯಿಸ್ತೀನಿ."

ಅವನು ಹೊರಗೆ ಹೋದ. ವಾಪಸ್ ಬರಲಿಲ್ಲ.

ಆಮೇಲೆ ಆ ಊರಿನ ಯಾವ ಸ್ಟುಡಿಯೋದ ಬಾಗಿಲೂ ನನಗೆ ತೆರೆಯಲಿಲ್ಲ. ನನ್ನ ಹಾಡು ಒಮ್ಮೆಯೂ ರೇಡಿಯೋದಲ್ಲಿ ಬರಲಿಲ್ಲ. ನಾವು ಹಿಂದಿನ ಕೋಣೆಯಲ್ಲೇ, ಗೋಡೆಗೆ ಚಿಕ್ಕಮ್ಮನ ಹಳೆಯ ಹಾಸಿಗೆ ಕಟ್ಟಿ, ಕ್ಯಾಸೆಟ್ ಮಾಡಿದೆವು. ಮಾಮಕ್ ಅಂಗಡಿಗಳಲ್ಲಿ, ಬಸ್ ಸ್ಟ್ಯಾಂಡುಗಳಲ್ಲಿ, ಕಾಲೇಜು ಗೇಟುಗಳಲ್ಲಿ ಮಾರಿದೆವು. ಮಿಶೆಲ್ ನಮ್ಮ ಜೊತೆ ಸೇರಿದಳು. ನಾವು ಮೂವರು ಐದು ವರ್ಷ ಆ ದೇಶದ ಊರೂರು ಸುತ್ತಿ ಹಾಡಿದೆವು, ಕುಣಿದೆವು. ಹೆಂಗಸರನ್ನು ದುಡಿಸುವ ಕಾರ್ಖಾನೆಗಳ ಬಗ್ಗೆ, ಬಸ್ಸಿನಲ್ಲಿ ಮೈ ತಡವುವ ಕೈಗಳ ಬಗ್ಗೆ, ಮೈಬಣ್ಣದ ಬಗ್ಗೆ ಹಾಡು ಕಟ್ಟಿದೆ. ಅವಕಾಶ ಕಳೆದುಕೊಂಡೆವೆಂದು ಯಾರಾದರೂ ಹೇಳಿದರೆ ಈಗಲೂ ಜಗಳಕ್ಕೆ ನಿಲ್ಲುತ್ತೇನೆ. ಮಾರ್ಚಿನಲ್ಲಿ ಅಪ್ಪನ ಕಾಂಟ್ರಾಕ್ಟ್ ಮುಂದುವರಿಯಲಿಲ್ಲ. ಕಾರಣ ಯಾರೂ ಹೇಳಲಿಲ್ಲ, ಅವರು ಕೇಳಲೂ ಇಲ್ಲ. ಸೆರೆಂಬನ್ನಿನ ಒಂದು ಸಣ್ಣ ಆಸ್ಪತ್ರೆಯಲ್ಲಿ ಕೆಲಸ ಹುಡುಕಿಕೊಂಡರು.

ಅದಕ್ಕಿಂತ ಮೊದಲು, ನವೆಂಬರಿನಲ್ಲಿ, ಕೊನೆಗೂ ಮಳೆ ಹಿಡಿದ ವಾರ, ಅಪ್ಪ ಮತ್ತೆ ಪುಚೊಂಗಿಗೆ ಬಂದರು. ಛತ್ರಿ ಮಡಚಿ ಬಾಗಿಲ ಹೊರಗಿಟ್ಟು, ಈ ಸಲ ಕಾಫಿ ಲೋಟ ತಾವೇ ಕೇಳಿ ತೆಗೆದುಕೊಂಡರು. ಚರಂಡಿಯಲ್ಲಿ ಬೂದಿ ಬಣ್ಣದ ನೀರು ಹರಿಯುತ್ತಿತ್ತು.

"ನಿನ್ನೆ ಆಸ್ಪತ್ರೆಯ ದೊಡ್ಡವರು ರೂಮಿಗೆ ಕರೆದಿದ್ರು" ಎಂದರು. "ಆ ಹಾಡಿನ ಹುಡುಗಿ ನಿಮ್ಮ ಮಗಳಂತೆ ಹೌದಾ ಅಂತ ಕೇಳಿದ್ರು. ಹೌದು ಅಂದೆ. ಅವಳತ್ರ ಸ್ವಲ್ಪ ಮಾತಾಡಿ ಡಾಕ್ಟರ್ ಅಂದ್ರು."

"ನೀವೆಂತ ಹೇಳಿದ್ರಿ?"

"ಆಯ್ತು, ಮಾತಾಡ್ತೇನೆ ಅಂದೆ. ಅದಕ್ಕೇ ಬಂದದ್ದು."

ಇನ್ನೊಂದು ಸಲ ಅವರಿಗೆ ಆಗುವುದಿಲ್ಲ ಎನ್ನಬೇಕಲ್ಲ ಎಂದು ಮಾತು ಹುಡುಕುತ್ತಿದ್ದೆ. ಅಪ್ಪ ಕಾಫಿ ಪೂರ್ತಿ ಮುಗಿಸಿ ಲೋಟ ಕೆಳಗಿಟ್ಟರು.

"ಹೊಗೆ ಗಂಟಲಲ್ಲಿ ನಿಲ್ಲೂದಲ್ಲ, ಎದೆಯ ಅಡಿವರೆಗೆ ಇಳೀತದೆ. ಮೂರನೇ ಚರಣದಲ್ಲಿ ಗಂಟಲು ಅಂತ ಹಾಡಿದ್ದೀ, ಅದು ತಪ್ಪು, ಸರಿ ಮಾಡು" ಎಂದರು. "ಮತ್ತೆ, ಮೈಕನ್ನ ಬಾಯಿಗೆ ತಾಗಿಸ್ಕೊಂಡು ಹಾಡ್ತೀ ನೀನು, ಅರ್ಧ ಶಬ್ದ ಒಡೆದುಹೋಗ್ತದೆ. ಬಿಡಿಸಿ ಬಿಡಿಸಿ ಹಾಡು ಮಗಾ. ರೂಮಿನ ಬಾಗಿಲು ಹಾಕ್ಕೊಂಡು ಕೂತವರಿಗೂ ಕೇಳ್ಬೇಕಲ್ಲ."